ಮೂರು ಮಹಡಿ, ಮೂರು ಸಂಸಾರ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ನೆಪಾನ್ಸೆಟ್ ಎಂಬ ಸಣ್ಣ ನದಿಯೊಂದಿದೆ. ಅದರ ಉತ್ತರ ದಡದಲ್ಲಿ ಬಾಸ್ಟನ್ ನಗರ, ದಕ್ಷಿಣ ದಡದಲ್ಲಿ ಮಿಲ್ಟನ್ ಪಟ್ಟಣ. ಎರಡೂ ಕಡೆ ಸುರಿಯುವ ಹಿಮ ಒಂದೇ, ಮನೆ ಕಟ್ಟಲು ಬಳಸುವ ಮರವೂ ಒಂದೇ. ಆದರೆ ಬಾಸ್ಟನ್‌ನ ಡಾರ್ಚೆಸ್ಟರ್ ಭಾಗದಲ್ಲಿ ಒಂದರ ಮೇಲೊಂದರಂತೆ ಮೂರು ಸಂಸಾರಗಳು ವಾಸಿಸುವ ಮನೆಗಳು ಬೀದಿಯುದ್ದಕ್ಕೂ ನಿಂತಿವೆ. ಮಿಲ್ಟನ್‌ನಲ್ಲಿ ಬಹುಪಾಲು ಒಂದು ನಿವೇಶನಕ್ಕೆ ಒಂದೇ ಸಂಸಾರ.

ಉಳಿದೆಲ್ಲವನ್ನೂ ಸ್ಥಿರವಾಗಿಟ್ಟು ಒಂದೇ ಅಂಶವನ್ನು ಬದಲಿಸಿದರೆ ವ್ಯತ್ಯಾಸದ ಕಾರಣ ಸಿಗುತ್ತದೆ ಎಂದು ಪ್ರಯೋಗಶಾಲೆಯಲ್ಲಿ ನಾವು ಕಲಿಯುತ್ತೇವೆ. ಇತಿಹಾಸ ಅಷ್ಟು ಶುದ್ಧವಾದ ಪ್ರಯೋಗವಲ್ಲ, ನಿಜ. ಟ್ರಾಮ್ ಮಾರ್ಗ, ಜಮೀನಿನ ಬೆಲೆ, ಜನರ ಆದಾಯ ಎಲ್ಲವೂ ಇಲ್ಲಿ ಕೆಲಸ ಮಾಡಿವೆ. ಆದರೂ ಒಂದು ಅಂಶ ಎದ್ದು ಕಾಣುತ್ತದೆ. ಅದು ಮನೆ ಕಟ್ಟಲು ಆಯಾ ಊರಿನ ಆಡಳಿತ ನೀಡುವ ಪರವಾನಗಿಯ ನಿಯಮ.

ಮೊದಲು ಈ ಮನೆಯನ್ನೇ ನೋಡೋಣ. ಅಲ್ಲಿಯವರು ಇದನ್ನು 'ತ್ರೀ ಡೆಕರ್' ಎನ್ನುತ್ತಾರೆ. ಸುಮಾರು 1880ರಿಂದ 1920ರ ದಶಕದವರೆಗೆ ಬಾಸ್ಟನ್, ವುಸ್ಟರ್ ಮೊದಲಾದ ಊರುಗಳಲ್ಲಿ ಇಂಥ ಮನೆಗಳು ಸಾವಿರಾರು ಸಂಖ್ಯೆಯಲ್ಲಿ ಎದ್ದವು. ಮರದ ಕಟ್ಟಡ, ಮೂರು ಮಹಡಿ, ಪ್ರತಿ ಮಹಡಿಗೂ ಅಡುಗೆಮನೆ ಮತ್ತು ವರಾಂಡ. ನಮ್ಮ ಹಳೆಯ ವಠಾರ ಅಡ್ಡಲಾಗಿ ಹರಡಿದರೆ ಇದು ಮೇಲಕ್ಕೆ ಏರಿದ ವಠಾರ. ಐರ್ಲೆಂಡ್, ಇಟಲಿ, ಪೋಲೆಂಡ್, ಸ್ವೀಡನ್, ಫ್ರೆಂಚ್ ಕೆನಡಾಗಳಿಂದ ಬಂದ ಕಾರ್ಮಿಕರಿಗೆ ಇದೊಂದು ಏಣಿಯಾಯಿತು. ಒಂದು ಮಹಡಿಯಲ್ಲಿ ತಾವಿದ್ದು, ಉಳಿದೆರಡರ ಬಾಡಿಗೆಯಿಂದ ಸಾಲ ತೀರಿಸಿ, ಕೂಲಿಯಾಗಿ ಬಂದವರು ಮನೆಯ ಯಜಮಾನರಾಗಬಹುದಿತ್ತು.

ಇಂಥ ಮನೆಗೆ ವಿರೋಧ ಬಂದದ್ದೇಕೆ? ಮೊದಲ ಕಾರಣ ಬೆಂಕಿ. ಅದು ಸುಳ್ಳು ಭಯವೇನಲ್ಲ. 1908ರಲ್ಲಿ ಬಾಸ್ಟನ್ ಪಕ್ಕದ ಚೆಲ್ಸಿ ನಗರದ ದೊಡ್ಡ ಭಾಗವೇ ಸುಟ್ಟುಹೋಯಿತು. 1914ರಲ್ಲಿ ಸೇಲಂ ನಗರದ ಬೆಂಕಿ 1,300ಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು. ಈ ನಡುವೆ 1912ರಲ್ಲಿ ಪಟ್ಟಣಗಳಿಗಾಗಿ, 1913ರಲ್ಲಿ ನಗರಗಳಿಗಾಗಿ ರಾಜ್ಯವು ವಸತಿ ಕಾನೂನುಗಳನ್ನು ಮಾಡಿತು. ಅವನ್ನು ಒಪ್ಪುವುದು ಬಿಡುವುದು ಆಯಾ ಊರಿಗೆ ಬಿಟ್ಟದ್ದು. ಒಪ್ಪಿಕೊಂಡ ಊರಿನಲ್ಲಿ ಮೂರು ಸಂಸಾರಗಳ ಮರದ ಮನೆಗೆ ಅಗ್ನಿ ಸುರಕ್ಷತೆಯ ಷರತ್ತುಗಳು ಬಿಗಿಯಾದವು. ಅದನ್ನು ಅಗ್ಗವಾಗಿ ಕಟ್ಟುವುದು ಅಸಾಧ್ಯವಾಯಿತು. ಗಡಿಯಾಚೆಯ ಊರು ಒಪ್ಪದಿದ್ದರೆ ಅಲ್ಲಿ ಅದೇ ಮನೆ ಏಳುತ್ತಲೇ ಇತ್ತು.

ಬೆಂಕಿಯ ಮಾತಿನ ಹಿಂದೆ ಇನ್ನೊಂದು ಮಾತೂ ಇತ್ತು. ಪ್ರೆಸ್ಕಾಟ್ ಹಾಲ್ ಎಂಬ ವಕೀಲ 1894ರಲ್ಲಿ ಬಾಸ್ಟನ್‌ನಲ್ಲಿ ಆರಂಭವಾದ ವಲಸೆ ನಿರ್ಬಂಧ ಸಂಘದ ಸ್ಥಾಪಕರಲ್ಲೊಬ್ಬ. ವಲಸಿಗರನ್ನು ದೇಶದೊಳಕ್ಕೆ ಬಿಡಬಾರದೆಂದು ವಾದಿಸಿದ ಈತನೇ, ರಾಷ್ಟ್ರೀಯ ವಸತಿ ಸಮ್ಮೇಳನವೊಂದರ 1917ರ ಸಂಪುಟದಲ್ಲಿ ಮೂರಂತಸ್ತಿನ ಮನೆಯ ಅಪಾಯದ ಬಗ್ಗೆ ಪ್ರಬಂಧ ಬರೆದ. ದೇಶದ ಬಾಗಿಲಿನಲ್ಲಿ ತಡೆಯಲಾಗದವರನ್ನು ಊರಿನ ಬಾಗಿಲಿನಲ್ಲಿ ತಡೆಯುವ ದಾರಿ ಕಟ್ಟಡ ನಿಯಮದಲ್ಲಿತ್ತು.

ಅದೇ 1917ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಯಾವ ಬೀದಿಯಲ್ಲಿ ಯಾವ ವರ್ಣದವರಿರಬೇಕೆಂದು ನಗರಗಳು ಕಾನೂನು ಮಾಡುವಂತಿಲ್ಲ ಎಂದು ಲೂಯಿವಿಲ್ ನಗರದ ಮೊಕದ್ದಮೆಯಲ್ಲಿ ತೀರ್ಪಿತ್ತಿತು. ಆದರೆ ಯಾವ ಬೀದಿಯಲ್ಲಿ ಯಾವ ಬಗೆಯ ಮನೆ ಇರಬೇಕೆಂದು ಹೇಳಲು ಅಡ್ಡಿಯಾಗಲಿಲ್ಲ. 1924ರಲ್ಲಿ ಮ್ಯಾಸಚೂಸೆಟ್ಸ್‌ನ ಉಚ್ಚ ಪೀಠ, ಒಂದು ಸಂಸಾರದ ಮನೆಗಷ್ಟೇ ಮೀಸಲಾದ ಬ್ರೂಕ್‌ಲೈನ್ ಪಟ್ಟಣದ ವಲಯವನ್ನು ಎತ್ತಿಹಿಡಿಯಿತು. 1926ರಲ್ಲಿ ಓಹಾಯೊ ರಾಜ್ಯದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಇಡೀ ದೇಶಕ್ಕೇ ಈ ಪದ್ಧತಿಯನ್ನು ಸಮ್ಮತಿಸಿತು. ಜನರ ಹೆಸರು ಕಾನೂನಿನಲ್ಲಿ ಬರಲಿಲ್ಲ. ಅಡಿ, ಗಜ, ಮಹಡಿಗಳ ಲೆಕ್ಕ ಬಂತು.

ಈ ಲೆಕ್ಕ ಹೇಗೆ ಕೆಲಸ ಮಾಡುತ್ತದೆ? ಒಂದು ಊರು 4,000 ಚದರಡಿಯ ನಿವೇಶನದಲ್ಲಿ ಮೂರು ಸಂಸಾರಗಳಿಗೆ ಅನುಮತಿ ಕೊಡುತ್ತದೆ ಎಂದುಕೊಳ್ಳಿ. ಒಂದು ಸಂಸಾರದ ಪಾಲಿಗೆ ಬರುವ ನೆಲ ಸುಮಾರು 1,333 ಚದರಡಿ. ಪಕ್ಕದ ಊರು 40,000 ಚದರಡಿಗೆ ಒಂದೇ ಸಂಸಾರ ಎನ್ನುತ್ತದೆ. ಅಲ್ಲಿ ನೆಲೆಸಬೇಕಾದರೆ 30 ಪಟ್ಟು ನೆಲ ಕೊಳ್ಳಬೇಕು! ಬಡವರು ಬರಬಾರದೆಂದು ಬರೆಯಬೇಕಾಗಿಯೇ ಇಲ್ಲ. ಭಾಗಾಕಾರವೇ ಅದನ್ನು ಹೇಳುತ್ತದೆ. ಅನುಮತಿಯ ಬಗೆಯೂ ಮುಖ್ಯ. ನಿಯಮಕ್ಕೆ ಹೊಂದಿದ ನಕ್ಷೆಗೆ ಒಂದೂರಿನಲ್ಲಿ ನೇರವಾಗಿ ಮಂಜೂರಾತಿ ಸಿಗುತ್ತದೆ. ಇನ್ನೊಂದೂರಿನಲ್ಲಿ ವಿಶೇಷ ಅನುಮತಿ ಬೇಕು. ನೆರೆಹೊರೆಯವರ ಆಕ್ಷೇಪಣೆ ಕೇಳಿ ಮಂಡಳಿ ತೀರ್ಮಾನಿಸುವ ತನಕ ಸಾಲದ ಬಡ್ಡಿ ಬೆಳೆಯುತ್ತಿರುತ್ತದೆ.

ಈ ನಿಯಮಗಳು ಎಷ್ಟು ದೂರ ಹೋದವೆಂಬುದಕ್ಕೆ ಬಾಸ್ಟನ್‌ಗೆ ಅಂಟಿಕೊಂಡಿರುವ ಸಾಮರ್ವಿಲ್ ಸಾಕ್ಷಿ. ಸುಮಾರು 80 ಸಾವಿರ ಜನರ ಈ ನಗರ ತ್ರೀ ಡೆಕರ್‌ಗಳ ತವರು. 2010ರ ದಶಕದಲ್ಲಿ ನಗರದ ಯೋಜಕರೇ ಪರಿಶೀಲಿಸಿದಾಗ, ಅಂದಿನ ನಿಯಮಗಳಿಗೆ ಪೂರ್ತಿ ಹೊಂದುತ್ತಿದ್ದ ವಾಸದ ಕಟ್ಟಡಗಳು ಕೇವಲ 22! ಜನ ನೆಮ್ಮದಿಯಾಗಿ ಬಾಳುತ್ತಿದ್ದ ಮನೆಗಳನ್ನೇ ಹೊಸದಾಗಿ ಕಟ್ಟಲು ಆಗುತ್ತಿರಲಿಲ್ಲ. 2019ರಲ್ಲಿ ನಗರ ತನ್ನ ನಿಯಮಾವಳಿಯನ್ನೇ ಹೊಸದಾಗಿ ಬರೆಯಿತು.

ಬಾಡಿಗೆ ಗಗನಕ್ಕೇರಿದಾಗ ರಾಜ್ಯವೂ ಎಚ್ಚೆತ್ತಿತು. ಬಾಸ್ಟನ್ ಪ್ರದೇಶದ ರೈಲು-ಬಸ್ಸು ಸೇವೆಗೆ ಸಂಬಂಧಿಸಿದ 177 ಊರುಗಳು, ಬಹು ಸಂಸಾರಗಳ ಮನೆಗೆ ನೇರ ಅನುಮತಿ ಸಿಗುವ ಒಂದು ವಲಯವನ್ನಾದರೂ ಗುರುತಿಸಬೇಕೆಂದು 2021ರ ಜನವರಿಯಲ್ಲಿ ಕಾನೂನಾಯಿತು. ಮಿಲ್ಟನ್ ಪಟ್ಟಣದ ಸಭೆ ಇದಕ್ಕೆ ಒಪ್ಪಿತು. ಆದರೆ 2024ರ ಫೆಬ್ರವರಿಯ ಜನಮತದಲ್ಲಿ ಮತದಾರರು ಆ ನಿರ್ಧಾರವನ್ನು ತಳ್ಳಿಹಾಕಿದರು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಮಾರ್ಗಸೂಚಿಗಳನ್ನು ರೂಪಿಸಿದ ಕ್ರಮ ಸರಿಯಿಲ್ಲ, ಆದರೆ ಕಾನೂನು ಸಿಂಧು, ಊರುಗಳು ಪಾಲಿಸಲೇಬೇಕು ಎಂದು 2025ರ ಜನವರಿಯಲ್ಲಿ ತೀರ್ಪು ಬಂತು. ಮರುತಿಂಗಳೇ ಕೇಂಬ್ರಿಡ್ಜ್ ನಗರ ತನ್ನ ಎಲ್ಲ ವಸತಿ ಪ್ರದೇಶಗಳಲ್ಲೂ ನಾಲ್ಕು ಅಂತಸ್ತಿನವರೆಗೆ ಬಹು ಸಂಸಾರಗಳ ಮನೆಗೆ ಅವಕಾಶ ಕೊಟ್ಟಿತು.

ಮಿಲ್ಟನ್‌ನ ವಿರೋಧಿಗಳೆಲ್ಲ ಪ್ರೆಸ್ಕಾಟ್ ಹಾಲ್‌ನ ಅನುಯಾಯಿಗಳೆಂದು ಹೇಳುವುದು ಅನ್ಯಾಯ. ತಮ್ಮ ಊರಿನ ತೀರ್ಮಾನ ತಮ್ಮ ಕೈಯಲ್ಲಿರಬೇಕೆಂಬುದು ಪ್ರಜಾಪ್ರಭುತ್ವದ ಆಸೆಯೇ. ಆದರೆ ಆ ಮತದಾನದಲ್ಲಿ ಒಂದು ಗುಂಪಿಗೆ ಮತವಿರಲಿಲ್ಲ. ಮನೆ ಸಿಗದೆ ಆ ಊರಿಗೆ ಬರಲಾಗದವರು ಆ ಊರಿನ ಮತದಾರರಾಗುವುದಾದರೂ ಹೇಗೆ?

ವಿದ್ಯಾರ್ಥಿ ಮಿತ್ರರೇ, ಕಟ್ಟಡದ ನಿಯಮ ಓದಲು ನೀರಸ. ಬೆಂಕಿಯಿಂದ, ರೋಗದಿಂದ ನಮ್ಮನ್ನು ಕಾಪಾಡುವುದೂ ಅದೇ. ಹಾಗಾಗಿ ನಿಯಮವೇ ಬೇಡ ಎನ್ನುವುದು ಜಾಣತನವಲ್ಲ. ನಿಮ್ಮ ಊರಿನ ನಿಯಮಾವಳಿ ಕೈಗೆ ಸಿಕ್ಕರೆ ಪ್ರತಿ ಸಾಲಿಗೂ ಎರಡು ಪ್ರಶ್ನೆ ಕೇಳಿ: ಇದು ಯಾರನ್ನು ಕಾಪಾಡುತ್ತದೆ? ಯಾರನ್ನು ಹೊರಗಿಡುತ್ತದೆ? ನೆಪಾನ್ಸೆಟ್ ನದಿಯ ಎರಡು ದಡಗಳು ಕಲಿಸುವ ಪಾಠ ಇಷ್ಟೇ.