ವಾರದ ವಿಟಮಿನ್ ಡಿ ಪುಡಿ: ಮುತ್ಯಾ, ಆಯಿ ಕಾಲಿಗೆ ಬಲ ಬರ್ತದಾ? ಇಲ್ಲಿದೆ ಮಾಹಿತಿ

ಇಂಡಿ: "ಕುಂತ್ರ ಏಳಾಕ ಆಗವಲ್ದು, ಕಾಲಾಗ ಶಕ್ತಿನ ಇಲ್ಲ." ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ತಾಲೂಕಿಗೆ ಹೋದರೂ ವಯಸ್ಸಾದವರ ಬಾಯಲ್ಲಿ ಇದೇ ಮಾತು. ಮನೆಯವರು ಹಳೇ ಚೀಟಿ ಹಿಡ್ಕೊಂಡು ಮೆಡಿಕಲ್ ಅಂಗಡಿಗೆ ಹೋಗಿ, "ಹಾಲಿನಾಗ ಹಾಕಿ ಕುಡಿಯೋ ಪುಡಿ ಕೊಡ್ರಿ" ಅಂತಾರೆ. ಅದೇ ವಿಟಮಿನ್ ಡಿ. ಇದು ಯಾರಿಗೆ ಬೇಕು, ಎಷ್ಟು ದಿನ ಬೇಕು, ನಿಜವಾಗ್ಲೂ ಬಲ ಬರ್ತದಾ ಅನ್ನೋದನ್ನ ನೋಡೋಣ.

ಇದರ ಕೆಲಸ ಏನು?

ಊಟದಲ್ಲಿರುವ ಕ್ಯಾಲ್ಸಿಯಂ ಮೈಗೆ ಹತ್ತಬೇಕಾದರೆ ವಿಟಮಿನ್ ಡಿ ಬೇಕು. ಎಲುಬು, ಸ್ನಾಯು ಎರಡಕ್ಕೂ ಇದು ಬೇಕು. ತೀರಾ ಕಡಿಮೆಯಾದರೆ ತೊಡೆ ಮತ್ತು ಸೊಂಟದ ಸ್ನಾಯು ಸೋಲುತ್ತವೆ. ನೆಲದಿಂದ ಏಳೋದು, ಮೆಟ್ಟಿಲು ಹತ್ತೋದು ಕಷ್ಟ ಆಗ್ತದೆ, ಎಲುಬು ನೋಯ್ತದೆ. ಇಂಥವರಿಗೆ ಡಾಕ್ಟರ್ ಕೊಟ್ಟ ಡೋಸ್‌ನಿಂದ ಗುಣ ಕಾಣ್ತದೆ.

ಇಷ್ಟು ಬಿಸಿಲಿದ್ದರೂ ಕೊರತೆ ಯಾಕೆ?

ವಯಸ್ಸಾದ ಚರ್ಮ ವಿಟಮಿನ್ ಡಿ ತಯಾರಿಸೋದು ಕಡಿಮೆ. ಮೈತುಂಬ ಬಟ್ಟೆ, ದಿನವಿಡೀ ಮನೆಯಲ್ಲೋ ಅಂಗಡಿ ಗಲ್ಲಾದ ಮೇಲೋ ಕೂರೋದು ಇನ್ನೊಂದು ಕಾರಣ. ರೊಟ್ಟಿ, ಬ್ಯಾಳಿ, ಪಲ್ಯದಲ್ಲಿ ಇದು ಇಲ್ಲವೇ ಇಲ್ಲ ಅನ್ನಬಹುದು. ಮೊಟ್ಟೆಯ ಹಳದಿ ಭಾಗ ಮತ್ತು ಮೀನಿನಲ್ಲಿ ಸ್ವಲ್ಪ ಸಿಗ್ತದೆ.

ಬೆಳಗಿನ ಎಳೆ ಬಿಸಿಲೇ ಒಳ್ಳೇದು ಅನ್ನೋ ನಂಬಿಕೆ ಪೂರ್ತಿ ಸರಿಯಲ್ಲ. ವಿಟಮಿನ್ ಡಿ ತಯಾರಿಸುವ ಕಿರಣ ಆಗ ಬಹಳ ಕಡಿಮೆ. ತಿರುಪತಿಯಲ್ಲಿ ನಡೆದ ಸಂಶೋಧನೆ ಪ್ರಕಾರ ಬೆಳಿಗ್ಗೆ 11ರಿಂದ ಮಧ್ಯಾಹ್ನ 2ರ ಬಿಸಿಲು ಹೆಚ್ಚು ಉಪಯೋಗ. ಆದರೆ ನಮ್ಮ ಜಿಲ್ಲೆಯಲ್ಲಿ ಬೇಸಿಗೆಗೆ 40 ಡಿಗ್ರಿ ದಾಟ್ತದೆ, ಆ ಹೊತ್ತಿನಲ್ಲಿ ವಯಸ್ಸಾದವರನ್ನ ಹೊರಗೆ ಕೂರಿಸಬೇಡಿ. ಸುಲಭ ಲೆಕ್ಕ ಅಂದ್ರೆ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ಬೇಸಿಗೆಯಲ್ಲಿ 10 ಗಂಟೆಗೇ ಹಾಗಿರ್ತದೆ. ಕಿಟಕಿ ಗಾಜಿನ ಒಳಗೆ ಕೂತರೆ ಲಾಭ ಇಲ್ಲ.

60,000ದ ಲೆಕ್ಕ

ಒಂದು ಪಾಕೀಟಿನಲ್ಲಿ ಸಾಮಾನ್ಯವಾಗಿ 60,000 ಯೂನಿಟ್ ಇರ್ತದೆ. ಕೊರತೆ ಇದ್ದವರಿಗೆ ಡಾಕ್ಟರು ವಾರಕ್ಕೊಂದರಂತೆ 6ರಿಂದ 8 ವಾರ ಬರೀತಾರೆ, ಆಮೇಲೆ ಡೋಸ್ ಇಳಿಸ್ತಾರೆ. ತೊಂದರೆ ಶುರುವಾಗೋದು ಇಲ್ಲೇ. 8 ವಾರ ಮುಗಿದರೂ ಅದೇ ಚೀಟಿ ಮೇಲೆ ತಿಂಗಳುಗಟ್ಟಲೆ ವಾರಕ್ಕೊಂದು ಕುಡಿಯೋರು ಇದ್ದಾರೆ. 60,000ವನ್ನು 7ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 8,500 ಯೂನಿಟ್. ಅಮೆರಿಕದ ತಜ್ಞರ ಲೆಕ್ಕದಲ್ಲಿ 70 ದಾಟಿದವರಿಗೆ ದಿನಕ್ಕೆ 800 ಯೂನಿಟ್ ಸಾಕು, ಡಾಕ್ಟರ್ ಹೇಳದೆ ದಿನಾ 4,000 ದಾಟಬಾರದು.

ಹೆಚ್ಚು ಕುಡಿದರೆ ಹೆಚ್ಚು ಬಲವೇ?

ಇಲ್ಲ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 70 ದಾಟಿದ 200 ಜನರ ಮೇಲೆ ಒಂದು ವರ್ಷ ಪರೀಕ್ಷೆ ನಡೆಯಿತು. ಫಲಿತಾಂಶ 2016ರಲ್ಲಿ ಬಂತು. ತಿಂಗಳಿಗೆ 60,000 ಯೂನಿಟ್ ತಗೊಂಡವರ ಕಾಲಿನ ಬಲ, 24,000 ತಗೊಂಡವರಿಗಿಂತ ಹೆಚ್ಚಾಗಲಿಲ್ಲ. ಬದಲಿಗೆ ಅವರೇ ಹೆಚ್ಚು ಬಿದ್ದರು. 24,000ದ ಗುಂಪಿನಲ್ಲಿ 100ಕ್ಕೆ ಸುಮಾರು 48 ಮಂದಿ ಬಿದ್ದರೆ, 60,000ದ ಗುಂಪಿನಲ್ಲಿ 67 ಮಂದಿ. ಆಸ್ಟ್ರೇಲಿಯಾದಲ್ಲಿ ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟಾಗಲೂ ವಯಸ್ಸಾದ ಹೆಣ್ಣುಮಕ್ಕಳಲ್ಲಿ ಬೀಳೋದು, ಎಲುಬು ಮುರಿಯೋದು ಹೆಚ್ಚಾಯ್ತು. ಅಂದ್ರೆ ಪುಡಿ ಕೊರತೆ ತುಂಬಿಸ್ತದೆ, ಕೊರತೆ ಇಲ್ಲದವರಿಗೆ ಬಲ ತುಂಬಿಸಲ್ಲ.

ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ತದೆ. ವಾಕರಿಕೆ, ಬಾಯಾರಿಕೆ, ಮಲಬದ್ಧತೆ, ಮಂಪರು ಕಾಣಿಸಿಕೊಂಡರೆ ಪುಡಿ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಕಿಡ್ನಿ ತೊಂದರೆ, ಕಿಡ್ನಿ ಕಲ್ಲು ಇರೋರು, ಬಿಪಿಗೆ ನೀರಿನ ಗುಳಿಗೆ ತಗೊಳೋರು ಮೊದಲೇ ಕೇಳಬೇಕು.

ಹಾಗಾದರೆ ಏನು ಮಾಡಬೇಕು?

* ಕಾಲಿನ ನಿತ್ರಾಣಕ್ಕೆ ಸಕ್ಕರೆ ಕಾಯಿಲೆ, ಥೈರಾಯ್ಡ್, ಸ್ಟಿರಾಯ್ಡ್ ಗುಳಿಗೆ, ನರದ ತೊಂದರೆಯೂ ಕಾರಣ ಇರಬಹುದು. ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಿ.

* ರಕ್ತ ಪರೀಕ್ಷೆ ಬೇಕಾ ಅನ್ನೋದನ್ನ ಡಾಕ್ಟರ್ ಹೇಳಲಿ. ಸಾಮಾನ್ಯವಾಗಿ 20ಕ್ಕಿಂತ ಕಡಿಮೆ ಬಂದರೆ ಕೊರತೆ ಅಂತಾರೆ.

* ಗಟ್ಟಿ ಕುರ್ಚಿ ಗೋಡೆಗೆ ಹಚ್ಚಿ, ಅದರ ಮೇಲೆ ಕೂತು ಏಳೋದನ್ನ ದಿನಕ್ಕೆ ಎರಡು ಹೊತ್ತು, 5ರಿಂದ 10 ಸಲ ಮಾಡಿಸಿ. ಶುರುವಿಗೆ ಯಾರಾದರೂ ಪಕ್ಕದಲ್ಲಿ ನಿಲ್ಲಿ. ಸ್ನಾಯು ಬೆಳೆಯೋದು ದುಡಿಮೆಯಿಂದ.

* ಹಲ್ಲಿಲ್ಲ ಅಂತ ಬರೀ ತಿಳಿ ಸಾರು, ಅನ್ನ ಕೊಡಬೇಡಿ. ಗಟ್ಟಿ ತೊಗರಿ ಬ್ಯಾಳಿ, ಹಿಟ್ಟಿನ ಪಲ್ಯ, ಮೆತ್ತಗೆ ಬೇಯಿಸಿದ ಮಡಕಿ ಕಾಳು, ಶೇಂಗಾ ಹಿಂಡಿ, ಮೊಸರು, ತಿನ್ನೋರಿಗೆ ಮೊಟ್ಟೆ ಕೊಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನ ಕೇಳಿ.

* ಬಚ್ಚಲಿನ ಜಾರು ನೆಲ, ಕತ್ತಲ ಹೊಸ್ತಿಲು ಸರಿಮಾಡಿ.

ಕೊನೆಗೆ ಒಂದು ಮಾತು. ಇವತ್ತು ಮನೆಯಲ್ಲಿರುವ ಆ ಚೀಟಿ ತೆಗೆದು ತಾರೀಖು ನೋಡಿ. ಬರೆದ ವಾರ ಮುಗಿದಿದ್ದರೆ ಮುಂದಿನ ಪಾಕೀಟು ತರೋಕ್ಕಿಂತ ಮುಂಚೆ ಡಾಕ್ಟರನ್ನ ಕೇಳಿ. ಮೆಡಿಕಲ್ ಅಂಗಡಿಯವರೂ ಪುಡಿ ಕೊಡೋ ಮುಂಚೆ "ಎಷ್ಟು ವಾರ ಆಯ್ತ್ರೀ?" ಅಂತ ಒಂದು ಮಾತು ಕೇಳಿದರೆ ಎಷ್ಟೋ ಮುತ್ಯಾ, ಆಯಿಗಳಿಗೆ ಉಪಕಾರ ಆಗ್ತದೆ.