ವಿಮೆಯಿಲ್ಲದವರಿಗೆ ಕೈಗೆಟುಕುವ ಚಿಕಿತ್ಸೆ ಮತ್ತು ಔಷಧ: ಬೀದರ್, ಭಾಲ್ಕಿ, ಔರಾದ್ ಭಕ್ತರಿಗೆ ಮಾಹಿತಿ



ಕಾಯಕವನ್ನೇ ನಂಬಿದ ಕುಟುಂಬಕ್ಕೆ ಕಾಯಿಲೆ ಬಂದರೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ದುಡಿಯುವ ಕೈ ನಿಲ್ಲುತ್ತದೆ, ಅದೇ ಹೊತ್ತಿಗೆ ಖರ್ಚು ಏರುತ್ತದೆ. ಬಂಗಾರ ಅಡವಿಟ್ಟು, ಹೊಲ ಒತ್ತೆಯಿಟ್ಟು ರೋಗಿಯನ್ನು ಹೈದರಾಬಾದಿಗೋ ಲಾತೂರಿಗೋ ಕರೆದೊಯ್ಯುವುದು ನಮ್ಮ ಗಡಿನಾಡಿನಲ್ಲಿ ಅಪರೂಪವಲ್ಲ. ವಿಮೆ ಇಲ್ಲದವರಿಗೂ ದೊರೆಯುವ ನೆರವು ಹಲವು ಇವೆ. ಆದರೆ ಅವುಗಳಿಗೊಂದು ಕ್ರಮವಿದೆ. ಆ ಕ್ರಮ ತಪ್ಪಿದಾಗ ಸಿಗಬೇಕಾದ ನೆರವೂ ಕೈತಪ್ಪಬಹುದು. ಆದ್ದರಿಂದ ಸಾಲಕ್ಕೆ ಕೈಯೊಡ್ಡುವ ಮುನ್ನ ಈ ಸಂಗತಿಗಳನ್ನು ಅರಿತಿರುವುದು ಒಳಿತು.

1. ಮೊದಲು ಸರ್ಕಾರಿ ಆಸ್ಪತ್ರೆ

ಭಾಲ್ಕಿ ಮತ್ತು ಔರಾದ್‌ನ ಭಕ್ತರು ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ಬೀದರ್ ನಗರದಲ್ಲಿ 2007ರಲ್ಲಿ ಸ್ಥಾಪನೆಯಾದ ಬೀದರ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಬ್ರಿಮ್ಸ್) ಬೋಧನಾ ಆಸ್ಪತ್ರೆಯಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹಾಗೂ ಕ್ಷಯರೋಗದ ಚಿಕಿತ್ಸೆ ಉಚಿತ. ಹೃದ್ರೋಗಕ್ಕೆ ಹೈದರಾಬಾದೊಂದೇ ದಾರಿಯಲ್ಲ. 2024ರ ಡಿಸೆಂಬರ್‌ನಲ್ಲಿ ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಆಸ್ಪತ್ರೆ ಉದ್ಘಾಟನೆಯಾಗಿದೆ. ಕ್ಯಾನ್ಸರ್ ಚಿಕಿತ್ಸೆಗೆ ಕಿದ್ವಾಯಿ ಸಂಸ್ಥೆಯ ಕೇಂದ್ರವೂ ಅಲ್ಲಿದೆ. 2017ರಿಂದ ಬೀದರ್–ಕಲಬುರಗಿ ನಡುವೆ ರೈಲು ಮಾರ್ಗವೂ ಇದೆ.

2. ಆರೋಗ್ಯ ಕರ್ನಾಟಕ ಕಾರ್ಡು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಿಂದ ಜಾರಿಯಲ್ಲಿದೆ. ಬಿಪಿಎಲ್ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರಡಿ ದೊರೆಯುತ್ತದೆ. ಎಪಿಎಲ್ ಕುಟುಂಬಗಳಿಗೂ ಪಾಲಿದೆ ಎಂಬುದು ಅನೇಕರಿಗೆ ತಿಳಿಯದು: ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮೀರದಂತೆ, ಸರ್ಕಾರ ಭರಿಸುತ್ತದೆ. ನೋಂದಣಿಗೆ ಆಧಾರ್ ಮತ್ತು ಪಡಿತರ ಚೀಟಿ ಬೇಕು.

ಇಲ್ಲಿ ಮುಖ್ಯವಾದುದು ಶಿಫಾರಸು ಪತ್ರ. ಅಗತ್ಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಇಲ್ಲವೆಂದಾದಾಗ ಅಲ್ಲಿನ ವೈದ್ಯರೇ ಶಿಫಾರಸು ಪತ್ರ ನೀಡುತ್ತಾರೆ; ಅದನ್ನು ಪಡೆದು ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಸಂದರ್ಭದಲ್ಲಿ ಮಾತ್ರ ಪತ್ರವಿಲ್ಲದೆ ನೇರವಾಗಿ ದಾಖಲಾಗಬಹುದು. ರಾಜ್ಯದ ಗಡಿ ದಾಟುವ ಮುನ್ನ, ಆ ಆಸ್ಪತ್ರೆ ಯೋಜನೆಯಲ್ಲಿದೆಯೇ, ಆ ಚಿಕಿತ್ಸೆಗೆ ಒಪ್ಪಿಗೆಯಿದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನಾಗಲಿ 1800 425 8330 ಉಚಿತ ಸಂಖ್ಯೆಯನ್ನಾಗಲಿ ವಿಚಾರಿಸಬೇಕು. ದಾಖಲಾದ ಮೇಲೆ ಕೇಳಿದರೆ ತಡವಾದೀತು.

3. ಸಹಕಾರಿಗಳಿಗೆ ಯಶಸ್ವಿನಿ

2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022-23ರಲ್ಲಿ ಮರಳಿ ಜಾರಿಯಾದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಿಗೆ ಮೀಸಲು. ಮರುಜಾರಿಯಾದಾಗ ಗ್ರಾಮೀಣ ಭಾಗದ ನಾಲ್ವರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂಪಾಯಿ, ನಗರದವರಿಗೆ 1,000 ರೂಪಾಯಿ ಇತ್ತು. ಚಿಕಿತ್ಸೆಯ ಮಿತಿ 5 ಲಕ್ಷ ರೂಪಾಯಿ. ನೋಂದಣಿಗೆ ಗೊತ್ತುಪಡಿಸಿದ ಅವಧಿಯಿರುತ್ತದೆ. ತಮ್ಮೂರಿನ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಈಗಲೇ ವಿಚಾರಿಸಿಡುವುದು ಲೇಸು.

4. ತಿಂಗಳ ಗುಳಿಗೆಯ ಖರ್ಚು

ಶಸ್ತ್ರಚಿಕಿತ್ಸೆ ಒಮ್ಮೆ ಬಂದು ಹೋಗುವ ಖರ್ಚು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಗುಳಿಗೆ ಜೀವನಪೂರ್ತಿ ಇರುವಂಥದ್ದು. ಹಣ ಸಾಲದೆಂದು ಹಿರಿಯರು ದಿನ ಬಿಟ್ಟು ದಿನ ಗುಳಿಗೆ ನುಂಗುವುದು, ಕೊನೆಗೆ ಬಿಟ್ಟೇಬಿಡುವುದು ಉಂಟು. ಅದರ ಫಲ ಪಾರ್ಶ್ವವಾಯು, ಹೃದಯಾಘಾತ ಅಥವಾ ಮೂತ್ರಪಿಂಡದ ವೈಫಲ್ಯ ಆಗಬಹುದು. ಉಳಿಸಿದ ನೂರು ರೂಪಾಯಿಗೆ ಲಕ್ಷ ತೆರಬೇಕಾದೀತು.

ಈ ಕಾಯಿಲೆಗಳ ಸಾಮಾನ್ಯ ಗುಳಿಗೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಅಲ್ಲಿ ಸಿಗದಿದ್ದರೆ ಜನೌಷಧಿ ಕೇಂದ್ರಗಳಿವೆ. 2008ರಲ್ಲಿ ಆರಂಭವಾದ ಈ ಯೋಜನೆಯಡಿ ಔಷಧಗಳು ಬ್ರ್ಯಾಂಡ್ ಹೆಸರಿನವುಗಳಿಗಿಂತ ಶೇ. 50ರಿಂದ 90ರಷ್ಟು ಕಡಿಮೆ ಬೆಲೆಗೆ ದೊರೆಯುತ್ತವೆ. ಸಮೀಪದ ಕೇಂದ್ರ ಎಲ್ಲಿದೆ, ಬೆಲೆ ಎಷ್ಟು ಎಂಬುದನ್ನು 'ಜನೌಷಧಿ ಸುಗಮ್' ಆ್ಯಪ್‌ನಲ್ಲಿ ನೋಡಬಹುದು. ಮೆಟ್‌ಫಾರ್ಮಿನ್, ಆಮ್ಲೋಡಿಪಿನ್ ಮುಂತಾದ ಮೂಲ ಹೆಸರನ್ನೇ ಚೀಟಿಯಲ್ಲಿ ಬರೆಯುವಂತೆ ವೈದ್ಯರನ್ನು ವಿನಂತಿಸಿಕೊಳ್ಳಿರಿ. ಆದರೆ ಮೂರ್ಛೆರೋಗ, ಥೈರಾಯ್ಡ್ ಹಾಗೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳನ್ನು ವೈದ್ಯರನ್ನು ಕೇಳದೆ ಬದಲಿಸಬಾರದು.

5. ಖಾಸಗಿ ಆಸ್ಪತ್ರೆಯಲ್ಲಿ ರೋಗಿಯ ಹಕ್ಕು

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರ ಪ್ರಕಾರ ಆಸ್ಪತ್ರೆಯು ತನ್ನ ದರಗಳನ್ನು ಪ್ರಕಟಿಸಬೇಕು. ಮುಂಗಡ ಹಣ ಕಟ್ಟಿಲ್ಲವೆಂದು ತುರ್ತು ಚಿಕಿತ್ಸೆ ನಿರಾಕರಿಸುವಂತಿಲ್ಲ. ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ದಾಖಲಾಗುವ ಮೊದಲೇ ಅಂದಾಜು ವೆಚ್ಚವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಪ್ರತಿ ರಸೀದಿಯನ್ನೂ ಕಾಯ್ದಿಟ್ಟುಕೊಳ್ಳಿರಿ.

ಇಂದೇ ಮಾಡಬೇಕಾದುದು

ಮನೆಮಂದಿಯ ಆಧಾರ್, ಪಡಿತರ ಚೀಟಿ, ಆರೋಗ್ಯ ಕಾರ್ಡು ಮತ್ತು ಹಳೆಯ ಚೀಟಿಗಳನ್ನು ಒಂದೇ ಚೀಲದಲ್ಲಿ ಇಡಿರಿ. ಪಡಿತರ ಚೀಟಿಯಲ್ಲಿ ಬಿಟ್ಟುಹೋದ ಸೊಸೆ, ಮೊಮ್ಮಕ್ಕಳ ಹೆಸರು ಸೇರಿಸಿರಿ. ಆಂಬುಲೆನ್ಸಿಗೆ 108, ಆರೋಗ್ಯ ಸಲಹೆಗೆ 104 ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆದಿಡಿರಿ.

ಓದು ಬಾರದ ನೆರೆಯವರಿಗೆ ಈ ಕಾಗದಪತ್ರಗಳೇ ದೊಡ್ಡ ಗೋಡೆ. ಅಂಥವರೊಡನೆ ಒಂದು ದಿನ ಆಸ್ಪತ್ರೆಗೆ ಹೋಗಿ, ಸಾಲಿನಲ್ಲಿ ನಿಂತು, ಶಿಫಾರಸು ಪತ್ರ ಕೊಡಿಸಿ ಬರುವುದೂ ದಾಸೋಹವೇ. ಹಣವಿಲ್ಲದವರೂ ಮಾಡಬಹುದಾದ ದಾಸೋಹವಿದು.