ಪಂಕ್ತಿಯೂ ಸೋದರತ್ವವೂ: ಫ್ರೀಮೇಸನ್ನರ ಭೋಜನವಿಧಿಯನ್ನು ಕುರಿತು

ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆಂಬುದನ್ನು ತಿಳಿದರೆ ಒಂದು ಸಮಾಜದ ಕಟ್ಟಳೆಯ ಬಹುಭಾಗವನ್ನು ತಿಳಿದಂತಾಗುತ್ತದೆ. ನಮ್ಮಲ್ಲಿ ‘ಪಂಕ್ತಿ’ ಎಂಬ ಮಾತಿಗೆ ಸಾಲೆಂಬ ಅರ್ಥಕ್ಕಿಂತ ಯೋಗ್ಯತೆಯೆಂಬ ಅರ್ಥವೇ ಬಲವಾಗಿದ್ದಿತು. ‘ಪಂಕ್ತಿಬಾಹಿರ’, ‘ಪಂಕ್ತಿಭೇದ’ ಎಂಬ ನುಡಿಗಳೇ ಇದಕ್ಕೆ ಸಾಕ್ಷಿ. ಸೋದರತ್ವವನ್ನು ವ್ರತವಾಗಿಯೂ ಸಹಭೋಜನವನ್ನು ಆ ವ್ರತದ ಅಂಗವಾಗಿಯೂ ಎಣಿಸಿದ ಫ್ರೀಮೇಸನ್ ಸಂಘವು ಇಂಥ ದೇಶಕ್ಕೆ ಬಂದಾಗ ಏನು ನಡೆಯಿತೆಂಬುದನ್ನು ಪ್ರಕೃತ ವಿಚಾರಿಸತಕ್ಕದ್ದಾಗಿದೆ.

ಈ ಸಂಘದ ಮೊದಲ ಮಹಾಲಾಡ್ಜು ೧೭೧೭ನೆಯ ಜೂನ್ ೨೪ರಂದು, ಸಂತ ಯೋಹಾನನ ಹಬ್ಬದ ದಿನ, ಲಂಡನ್ನಿನ ಒಂದು ಪಾನಗೃಹದಲ್ಲಿ ಕೂಡಿತೆಂದು ಅದರ ಸಂಪ್ರದಾಯವು ಹೇಳುತ್ತದೆ. ಹುಟ್ಟಿದ ಸ್ಥಳವೇ ಊಟದ ಮನೆಯಾದುದರಿಂದ ಭೋಜನವು ಅದಕ್ಕೆ ಹೊರಗಿನಿಂದ ಅಂಟಿದ ಅಲಂಕಾರವಲ್ಲ. ಲಾಡ್ಜಿನ ಕಾರ್ಯಕ್ಕೆ ‘ದುಡಿಮೆ’ ಎಂದೂ ಬಳಿಕದ ಕೂಟಕ್ಕೆ ‘ವಿಶ್ರಾಂತಿ’ ಎಂದೂ ಹೆಸರು. ವಿಶ್ರಾಂತಿಯ ವೇಳೆಯಲ್ಲಿ ಸೋದರರು ಮಿತಿಮೀರದಂತೆ ನೋಡಿಕೊಳ್ಳುವುದು ಕಿರಿಯ ವಾರ್ಡನ್ನನ ಹೊಣೆ. ಬಡಿಸುವ ಏರ್ಪಾಡು ಸ್ಟೂವರ್ಡರದು. ಗೊತ್ತಾದ ಕ್ರಮದಲ್ಲಿ ಒಬ್ಬೊಬ್ಬರ ಕ್ಷೇಮವನ್ನು ಕೋರಿ ಕುಡಿಯುವುದೂ, ದಪ್ಪತಳದ ಗಾಜಿನ ಬಟ್ಟಲುಗಳನ್ನು ಒಟ್ಟಾಗಿ ಮೇಜಿಗೆ ಬಡಿದು ತುಪಾಕಿಯ ಸದ್ದನ್ನು ಹೊರಡಿಸುವುದೂ ಆ ವಿಧಿಯಲ್ಲಿ ಸೇರಿವೆ. ಕಡೆಯ ಪಾನವು ದೊರೆಗಳಿಗಲ್ಲ. ನೆಲದ ಮೇಲೂ ನೀರಿನ ಮೇಲೂ ಚದರಿಹೋಗಿರುವ, ಬಡತನದಲ್ಲಿ ನೊಂದ ಸೋದರರಿಗೆ. ಈ ಕೊನೆಯ ಕೋರಿಕೆಯಲ್ಲಿಯೇ ಸಂಘದ ಧ್ಯೇಯವು ವ್ಯಕ್ತವಾಗುತ್ತದೆ.

ಭಾರತದಲ್ಲಿ ಮೊದಲ ಲಾಡ್ಜು ೧೭೩೦ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಮುಂದೆ ಅದು ಪಟಾಲಮುಗಳ ಬೆನ್ನುಹಿಡಿದು ದಂಡಿನ ಊರುಗಳಿಗೆ ಹರಡಿತು. ೧೮೦೯ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನ ಪ್ರದೇಶದ ಲಾಡ್ಜುಗಳಿಗೆ ಮದರಾಸು ಮೇಲಿನ ಕೇಂದ್ರವಾಗಿದ್ದಿತು. ಆರ್ಕಾಟಿನ ನವಾಬರ ಮಗನಾದ ಉಮ್ದತ್-ಉಲ್-ಉಮರನಂಥ ರಾಜಪುತ್ರನಿಗೆ ಹದಿನೆಂಟನೆಯ ಶತಮಾನದಲ್ಲಿಯೇ ದೀಕ್ಷೆ ದೊರೆತಿದ್ದರೂ ಉಳಿದ ದೇಶೀಯರಿಗೆ ಬಾಗಿಲು ಸುಲಭವಾಗಿ ತೆರೆಯಲಿಲ್ಲ. ೧೮೪೩ರಲ್ಲಿ ಜೇಮ್ಸ್ ಬರ್ನ್ಸ್ ಎಂಬ ವೈದ್ಯನು ದೇಶೀಯರಿಗೆಂದೇ ಮುಂಬಯಿಯಲ್ಲಿ ಬೇರೊಂದು ಲಾಡ್ಜನ್ನು ಸ್ಥಾಪಿಸಿದನು. ಹಿಂದೂಗಳ ವಿಷಯದಲ್ಲಿ ಆಕ್ಷೇಪವು ಇನ್ನೂ ಬಲವಾಗಿದ್ದಿತು: ಅನೇಕ ದೇವತೆಗಳನ್ನು ನಂಬುವವರು ಏಕದೇವನ ಹೆಸರಿನಲ್ಲಿ ಪ್ರಮಾಣಮಾಡುವುದೆಂತು? ಈ ವಾದವನ್ನು ಎದುರಿಸಿ ದೀರ್ಘಕಾಲ ಹೋರಾಡಿದ ಪ್ರಸನ್ನಕುಮಾರ ದತ್ತನಿಗೆ ೧೮೭೨ರಲ್ಲಿ ಕಲ್ಕತ್ತೆಯಲ್ಲಿ ಪ್ರವೇಶವು ಲಭಿಸಿತು.

ದೇವರ ಪ್ರಶ್ನೆ ಬಗೆಹರಿದರೂ ಅನ್ನದ ಪ್ರಶ್ನೆ ಉಳಿಯಿತು. ಲಾಹೋರಿನಲ್ಲಿ ದೀಕ್ಷೆ ಪಡೆದಿದ್ದ ಕಿಪ್ಲಿಂಗ್ ಕವಿಯು ‘ದಿ ಮದರ್ ಲಾಡ್ಜ್’ ಎಂಬ ಕವಿತೆಯಲ್ಲಿ ಇದನ್ನು ಮರೆಮಾಚಿಲ್ಲ. ನಾನಾ ಮತಗಳವರು ಸರಿಸಮರಾಗಿ ಕುಳಿತುಕೊಳ್ಳುವ ಆ ಲಾಡ್ಜಿನಲ್ಲಿ, ಸೋದರನೊಬ್ಬನ ಜಾತಿ ಕೆಟ್ಟೀತೆಂಬ ಅಂಜಿಕೆಯಿಂದ, ಔತಣವನ್ನು ಮಾತ್ರ ಏರ್ಪಡಿಸುತ್ತಿರಲಿಲ್ಲವೆಂದು ಅದರ ಸಿಪಾಯಿ ಹೇಳುತ್ತಾನೆ. ದುಡಿಮೆಯಲ್ಲಿ ಐಕ್ಯ, ವಿಶ್ರಾಂತಿಯಲ್ಲಿ ಭೇದ! ಬಿಳಿಯರ ವರ್ಣಗರ್ವವೂ ನಮ್ಮವರ ಮಡಿಯೂ ಬೇರೆಬೇರೆ ಕಾರಣಗಳಿಂದ ಹೊರಟು ಒಂದೇ ಮೇಜನ್ನು ಇಬ್ಭಾಗ ಮಾಡಿದುವು. ತಪ್ಪನ್ನು ಒಂದು ಪಕ್ಷದ ಮೇಲೆಯೇ ಹೊರಿಸುವುದು ಇತಿಹಾಸಕಾರನಿಗೆ ಉಚಿತವಲ್ಲ.

ಲಾಡ್ಜಿನ ಹೊರಗೆ, ನಮ್ಮ ಸಂಸ್ಥಾನದಲ್ಲಿಯೂ ಇಂಥದೇ ತೊಡಕಿದ್ದಿತು. ೧೯೦೨ರಲ್ಲಿ ಪೂರ್ಣಾಧಿಕಾರವನ್ನು ವಹಿಸಿ ೧೯೪೦ರವರೆಗೆ ಆಳಿದ ನಾಲ್ವಡಿ ಕೃಷ್ಣರಾಜ ಒಡೆಯರು ಆಚಾರನಿಷ್ಠರು. ಐರೋಪ್ಯ ಅತಿಥಿಗಳಿಗೆ ಅರಮನೆಯಲ್ಲಿ ಔತಣವಾದಾಗ ಅವರು ಊಟಕ್ಕೆ ಕೂಡದೆ, ಅದು ಮುಗಿಯುವ ಹೊತ್ತಿಗೆ ದಯಮಾಡಿಸಿ ಅತಿಥಿಗಳ ಕ್ಷೇಮವನ್ನು ಕೋರುವುದು ರೂಢಿಯಾಗಿದ್ದಿತು. ಆತಿಥ್ಯಕ್ಕೂ ಆಚಾರಕ್ಕೂ ಲೋಪವಿಲ್ಲದ ಈ ಉಪಾಯವು ಸೌಜನ್ಯಕ್ಕೆ ಸಾಕಾಗಬಲ್ಲುದು, ಸೋದರತ್ವಕ್ಕೆ ಸಾಕೆನ್ನಲಾಗದು.

ಹಾಗಾದರೆ ಅನ್ನದಿಂದ ಹುಟ್ಟುವ ಬಾಂಧವ್ಯವು ಕನ್ನಡಿಗರಿಗೆ ಹೊಸದೇ? ಅಲ್ಲ. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರವಾಗಿ ಕಾದಿ ಮಡಿಯುವ ‘ಜೋಳವಾಳಿ’ಯನ್ನು ಹಳಗನ್ನಡ ಸಾಹಿತ್ಯವು ಬಲ್ಲುದು. ಆದರೆ ಅದು ಮೇಲಿನವನಿಗೂ ಕೆಳಗಿನವನಿಗೂ ಇರುವ ಸಂಬಂಧ. ಒಡೆಯನು ಉಣಿಸುತ್ತಾನೆ, ಆಳು ಪ್ರಾಣವನ್ನು ತೆರುತ್ತಾನೆ. ಸಮಾನರ ಪಂಕ್ತಿಯನ್ನು ಹುಡುಕುವವರು ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಹೋಗಬೇಕು. ಅಸ್ಪೃಶ್ಯನೆನಿಸಿದ್ದ ನಾಗಿದೇವನ ಮನೆಯಲ್ಲಿ ಬಸವಣ್ಣನವರು ಪ್ರಸಾದವನ್ನು ಸ್ವೀಕರಿಸಿದರೆಂದು ಬಿಜ್ಜಳನಲ್ಲಿಗೆ ದೂರು ಹೋಯಿತೆಂಬ ಕಥೆಯು ವೀರಶೈವ ಪುರಾಣಪರಂಪರೆಯಲ್ಲಿದೆ. ಗಮನಿಸತಕ್ಕ ಅಂಶವೇನೆಂದರೆ, ಅಲ್ಲಿ ದೂರಿಗೆ ಕಾರಣವಾದುದು ತತ್ತ್ವವಲ್ಲ, ಊಟ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈ ಚರಿತ್ರೆಗೆ ಇನ್ನೊಂದು ಎಳೆಯುಂಟು. ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಬಸವನಗುಡಿಯ ಬಡಾವಣೆಯನ್ನು ರಚಿಸಿದಾಗ ಜಾತಿವಾರು ಭಾಗಗಳನ್ನು ಗೊತ್ತುಪಡಿಸಿದ್ದರು. ಪಂಕ್ತಿಭೇದವು ನಕ್ಷೆಯ ಮೇಲೆಯೇ ಮೂಡಿತ್ತು. ಅದೇ ಬಸವನಗುಡಿಯಲ್ಲಿ ೧೯೧೭ರಲ್ಲಿ ಆನಿ ಬೆಸೆಂಟರ ಪ್ರೇರಣೆಯಿಂದ ನ್ಯಾಷನಲ್ ಹೈಸ್ಕೂಲು ಹುಟ್ಟಿತು. ಶಾಲೆಗೂ ಫ್ರೀಮೇಸನ್ನರಿಗೂ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೆ ಬೆಸೆಂಟರು ೧೯೦೨ರಲ್ಲಿ ಪ್ಯಾರಿಸಿನಲ್ಲಿ, ಸ್ತ್ರೀಯರಿಗೂ ಪ್ರವೇಶವಿದ್ದ ಮೇಸನ್ ಶಾಖೆಯ ದೀಕ್ಷೆಯನ್ನು ಪಡೆದು, ಅದನ್ನು ಭಾರತಕ್ಕೆ ತಂದವರು. ಅವರ ನೇತೃತ್ವದ ಥಿಯಾಸಫಿಯ ಅಂತರಂಗ ಶಾಖೆಯಲ್ಲಿ ಮದ್ಯಮಾಂಸಗಳು ನಿಷಿದ್ಧ. ಬಡಿಸುವ ಪದಾರ್ಥವೇ ಬದಲಾದರೆ ಪಂಕ್ತಿಯ ಒಂದು ಅಡ್ಡಿಯು ತೊಲಗುತ್ತದೆ. ಆದರೆ ಪದಾರ್ಥದ ಶುದ್ಧಿಯೊಂದು, ಪಕ್ಕದಲ್ಲಿ ಕುಳಿತವನ ಶುದ್ಧಿಯನ್ನು ಕುರಿತ ಶಂಕೆಯೊಂದು. ಎರಡನೆಯದನ್ನು ಅಡುಗೆಯಿಂದ ನಿವಾರಿಸಲಾಗದು.

೧೯೬೧ನೆಯ ನವೆಂಬರ್ ೨೪ರಂದು ಭಾರತಕ್ಕೆ ತನ್ನದೇ ಆದ ಮಹಾಲಾಡ್ಜು ಏರ್ಪಟ್ಟು, ರಾಂಪುರದ ನವಾಬರು ಅದರ ಮೊದಲ ಅಧಿಪತಿಗಳಾದರು. ಸಂಘವು ದೇಶೀಯವಾಯಿತು. ಆದರೂ ಫ್ರೀಮೇಸನ್ನರ ಚರಿತ್ರೆಯನ್ನು ಬರೆಯುವವರು ದೀಕ್ಷೆಯ ಪಟ್ಟಿಗಳನ್ನು ಎಣಿಸಿ ತೃಪ್ತರಾಗಬಾರದು. ಮುಚ್ಚಿದ ಬಾಗಿಲಿನೊಳಗೆ ಮನುಷ್ಯನನ್ನು ಸೋದರನೆನ್ನುವುದು ಸುಲಭ. ಬಾಗಿಲು ತೆರೆದು ಎಲೆ ಹಾಕಿದಾಗ ಅವನನ್ನು ಯಾವ ಸಾಲಿನಲ್ಲಿ ಕೂರಿಸುತ್ತೇವೆಂಬುದೇ ಪರೀಕ್ಷೆ. ಈ ಅಳತೆಗೋಲು ಒಂದು ಸಂಘಕ್ಕೆ ಮಾತ್ರವಲ್ಲ, ಸಮತೆಯನ್ನು ಸಾರುವ ಸಕಲ ಸಂಸ್ಥೆಗಳಿಗೂ ಸಲ್ಲತಕ್ಕದ್ದು.